ಎದುರಾಳಿಯ ಪಾಲು

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹಿಂದಿರೋರು ಮುಂದಕ್ಕೆ ಬನ್ನಿ, ಮುಂದಿರೋರು ಕಾಲು ಮಡಚಿಕೊಳ್ಳಿ. ಮೊದಲೇ ಹೇಳಿಬಿಡ್ತೀನಿ, ನಡುನಡುವೆ "ಆಮೇಲೆ?", "ಆಮೇಲೆ?" ಅಂತ ಪ್ರಾಣ ತಿನ್ನಬೇಡಿ. ನನಗೆ ಆಗಲ್ಲ. ಆಮೇಲೆ ಏನಾಯ್ತು ಅಂತ ಹೇಳೋಕೇ ನಾನು ಇಲ್ಲಿ ಕೂತಿರೋದು.

ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಏಳು ಪೇಟೆ. ಏಳು ಪೇಟೆಗೂ ಒಬ್ಬನೇ ರಾಜ. ರಾಜನ ಹೆಸರು ಬಲು ಉದ್ದ, ಪೂರ್ತಿ ಹೇಳೋಕೆ ಹೋದರೆ ಕಥೆಗೆ ಹೊತ್ತು ಸಾಲದು, ಬಿಟ್ಟುಬಿಡೋಣ. ಮನುಷ್ಯ ಒಳ್ಳೆಯವನೇ. ಆದರೆ ಊಟ ಆದಮೇಲೆ ಅವನಿಗೆ ಕಣ್ಣು ಎಳೆಯುತ್ತಿತ್ತು. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ "ಆಗಲಿ" ಅಂದುಬಿಡುತ್ತಿದ್ದ.

ಆ ರಾಜ್ಯದ ಜನಕ್ಕೆ ಒಂದು ಹುಚ್ಚು. ಕಾಯಾಟದ ಹುಚ್ಚು. ಸಿಪ್ಪೆ ಸುಲಿಯದ ತೆಂಗಿನಕಾಯಿ ಒಂದಕ್ಕೆ ಎಣ್ಣೆ ಸವರಿ ಬಯಲಿನ ನಡುವೆ ಇಡೋರು. ಆ ಕಡೆ ಹನ್ನೊಂದು ಜನ, ಈ ಕಡೆ ಹನ್ನೊಂದು ಜನ. ಕಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಎದುರಿನವರ ಗೆರೆ ದಾಟಬೇಕು. ಎದುರಿನವರು ದಾಟೋಕೆ ಬಿಡಬಾರದು, ಹಿಡಿದು ಕೆಡವಬೇಕು. ನಾಲ್ಕು ಸಲ ಕೆಡವಿದರೆ ಕಾಯಿ ಕೆಡವಿದವರ ಕೈಗೆ. ಇಷ್ಟೇ ಆಟ. ಇದಕ್ಕೆ ಜನ ಮಕ್ಕಳ ನಾಮಕರಣ ಮುಂದಕ್ಕೆ ಹಾಕಿ ಬರುತ್ತಿದ್ದರು.

ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಆಟ ಶುರು. ನೋಡೋಕೆ ಬಂದವರು ಬಯಲಿನ ಬಾಗಿಲಲ್ಲಿ ಇಟ್ಟ ಕುಕ್ಕೆಗೆ ತಲೆಗೊಂದು ಸೇರು ರಾಗಿ ಸುರಿದು ಒಳಗೆ ಹೋಗಬೇಕು. ದೂರದ ಹಳ್ಳಿಯವರಿಗೆ ಬರೋಕೆ ಆಗಲ್ಲವಲ್ಲ, ಅವರಿಗೆ ಅಂತಲೇ ಹಾಡುಗಾರರು ಇದ್ದರು. ಆಟ ನೋಡಿ, ಯಾರು ಓಡಿದ, ಯಾರು ಬಿದ್ದ, ಯಾರ ಪಂಚೆ ಹರೀತು ಅಂತ ಪದ ಕಟ್ಟಿ, ತಂಬೂರಿ ಹಿಡಿದು ಹಳ್ಳಿಹಳ್ಳಿ ಸುತ್ತಿ ಹಾಡುತ್ತಿದ್ದರು. ಹಳ್ಳಿಯವರು ರಾಗಿ ಅಳೆದು ಕೊಡುತ್ತಿದ್ದರು. ಹಾಡುಗಾರರು ತಮ್ಮ ಹೊಟ್ಟೆಗೆ ಇಟ್ಟುಕೊಂಡು ಮಿಕ್ಕಿದ್ದನ್ನು ಗಾಡಿ ಮೇಲೆ ತಂದು ಒಪ್ಪಿಸುತ್ತಿದ್ದರು. ನಿಜ ಹೇಳಬೇಕು ಅಂದರೆ ಬಾಗಿಲ ರಾಗಿಗಿಂತ ಹಾಡಿನ ರಾಗಿಯೇ ಜಾಸ್ತಿ.

ಈ ರಾಗಿಯೆಲ್ಲ ಎಲ್ಲಿಗೆ ಹೋಗುತ್ತಿತ್ತು? ಅರಮನೆ ಅಂಗಳದಲ್ಲಿ ಒಂದು ದೊಡ್ಡ ಕಣಜ ಇತ್ತು. ಕೂಡುಗಣಜ ಅಂತ ಅದರ ಹೆಸರು. ಏಳು ಪೇಟೆಯ ರಾಗಿಯೂ ಅದರೊಳಗೇ ಬೀಳಬೇಕು. ಇದು ರಾಜನ ಅಜ್ಜ ಮಾಡಿಟ್ಟ ಕಟ್ಟಳೆ. ಆಟದ ಕಾಲ ಮುಗಿದ ಮೇಲೆ ಕಣಜ ತೆಗೆದು ಏಳು ರಾಶಿ ಮಾಡಬೇಕು. ರಾಶಿ ಮಾಡೋರು ಆ ವರ್ಷ ಗೆದ್ದ ಪೇಟೆಯವರು. ರಾಶಿ ಆರಿಸಿಕೊಳ್ಳೋದು ಮಾತ್ರ ಕೊನೆಗೆ ಬಂದ ಪೇಟೆಯಿಂದ ಶುರು. ಎಲ್ಲರೂ ಆರಿಸಿಕೊಂಡು ಕೊನೆಗೆ ಉಳಿದದ್ದು ಗೆದ್ದವರಿಗೆ. ಇನ್ನು ಗೆದ್ದವರು ರಾಶಿಯಲ್ಲಿ ಹೆಚ್ಚುಕಮ್ಮಿ ಮಾಡ್ತಾರಾ? ಒಂದು ಹಿಡಿ ಹೆಚ್ಚಾದ ಕಡೆಯಿಂದ ಬಾಚಿ ಕಮ್ಮಿ ಇದ್ದ ಕಡೆ ಹಾಕಿ ಹಾಕಿ, ನೋಡಿದರೆ ಏಳೂ ಒಂದೇ ತಾಯಿ ಮಕ್ಕಳ ಹಾಗೆ ಇರುತ್ತಿದ್ದವು. ಆ ರಾಶಿಯಲ್ಲೇ ಏಳು ಪೇಟೆಯ ಆಟಗಾರರೂ ಅವರ ಹೆಂಡಿರು ಮಕ್ಕಳೂ ವರ್ಷವಿಡೀ ಮುದ್ದೆ ಉಣ್ಣುತ್ತಿದ್ದರು.

ಏಳರಲ್ಲಿ ದೊಡ್ಡದು ಹೊನ್ನಪೇಟೆ. ಅದರ ಕಾಯಾಟದ ಯಜಮಾನ ಸಂಪಂಗಪ್ಪ ಧಣಿ. ಆನೆ ಕಟ್ಟಿದ ಮನೆ, ಸಾವಿರ ಜನ ಹಿಡಿಯೋ ಬಯಲು. ಏಳರಲ್ಲಿ ಸಣ್ಣದು ಮುಳ್ಳುಪಾಳ್ಯ. ಹೆಸರೇ ಹೇಳುತ್ತಲ್ಲ, ಕಲ್ಲು, ಮುಳ್ಳು, ನಾಲ್ಕು ಕೇರಿ. ಅಲ್ಲಿನ ಯಜಮಾನಿ ಕೆಂಪಾಜಮ್ಮ. ಗಂಡ ಇದ್ದಾಗ ಗಂಡ ತಂಡ ನಡೆಸುತ್ತಿದ್ದ. ಗಂಡ ಹೋದಮೇಲೆ ಈಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ನಿಂತಳು. ಬಾಯಿ ಜೋರು. ಗೆದ್ದರೆ ಹುಡುಗರಿಗೆ ಕಡುಬು ಮಾಡಿ ಬಡಿಸೋಳು, ಸೋತರೆ ಅದೇ ಹುಡುಗರನ್ನು ಊರಿಗೆಲ್ಲ ಕೇಳೋ ಹಾಗೆ ಬಯ್ಯೋಳು. ಕಡುಬು ಬೇಯಿಸಿದ್ದಕ್ಕಿಂತ ಬಯ್ದಿದ್ದೇ ಜಾಸ್ತಿ ಅನ್ನಿ.

ಹೊರಗಿನವರು ಮುಳ್ಳುಪಾಳ್ಯಕ್ಕೆ ಕಾಲಿಡುತ್ತಿದ್ದದ್ದು ಆಟದ ದಿನ ಮಾತ್ರ. ಆವತ್ತು ಬಳೆ ಮಾರೋಳು ಬರೋಳು, ಹೆಣ್ಣು ನೋಡೋರು ಬರೋರು, ಕಡಲೆಪುರಿಯವನು ಬರೋನು. ಆಟ ಇಲ್ಲದಿದ್ದರೆ ಆ ಊರನ್ನು ಕೇಳೋರು ಯಾರು? ಕೆಂಪಾಜಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ತಂಡ ಹೋದರೆ ಊರು ಹೋದಂತೆ ಅನ್ನೋ ಭಯ ಅವಳ ಹೊಟ್ಟೆಯಲ್ಲಿ ಯಾವಾಗಲೂ ಇತ್ತು.

ಒಂದು ವರ್ಷ ಹೊನ್ನಪೇಟೆ ಗೆದ್ದಿತು. ಸಂಪಂಗಪ್ಪ ಬೆವರು ಸುರಿಸಿಕೊಂಡು ಏಳು ರಾಶಿ ಮಾಡಿಸಿದ. ಮುಳ್ಳುಪಾಳ್ಯ ಒಂದೂ ಆಟ ಗೆಲ್ಲದೆ ಕೊನೆಗೆ ಬಂದಿತ್ತು, ಅದಕ್ಕೆ ಮೊದಲ ಆಯ್ಕೆ. ಕೆಂಪಾಜಮ್ಮ ಎಲೆಅಡಿಕೆ ಜಗಿಯುತ್ತಾ ಏಳು ರಾಶಿಗೂ ಒಂದು ಸುತ್ತು ಬಂದಳು. ಎರಡು ಸುತ್ತು ಬಂದಳು. ಮೂರನೇ ಸುತ್ತಿಗೆ ನಿಂತು, "ಇದು" ಅಂದಳು.

ಸಂಪಂಗಪ್ಪನಿಗೆ ಮೈಯೆಲ್ಲ ಉರಿದುಹೋಯ್ತು. ಮನೆಗೆ ಹೋಗಿ ಹೆಂಡತಿ ಹತ್ತಿರ ಅಂದ, "ಗೆದ್ದೋನು ನಾನು. ಸೋತೋಳು ಬಂದು ಸೊಪ್ಪು ಆರಿಸಿದ ಹಾಗೆ ಆರಿಸಿಕೊಂಡು ಹೋಗ್ತಾಳಲ್ಲೇ."

ಅವನ ಹೆಂಡತಿ ಹೇಳಿದಳು, "ಎಲ್ಲ ಸಮ ಇತ್ತು ಅಂತ ನೀವೇ ಹೇಳಿದ್ರಲ್ಲ."

"ಅದೇ ಕಣೇ ನನ್ನ ಸಂಕಟ," ಅಂದ ಸಂಪಂಗಪ್ಪ.

ಮಾರನೇ ದಿನ ಅರಮನೆಗೆ ಹೋದ. ಯಾವ ಹೊತ್ತಿಗೆ? ನಿಮಗೆ ಗೊತ್ತಲ್ಲ, ಊಟ ಆದಮೇಲೆ.

"ಮಾಸ್ವಾಮಿ, ನನ್ನ ಬಯಲಿಗೆ ಬರೋರು ನನ್ನ ಜನ. ನನ್ನ ಬಾಗಿಲಿಗೆ ಬಿದ್ದ ರಾಗಿ ನನಗೇ ಇರಲಿ. ಅವರವರ ಬಾಗಿಲ ರಾಗಿ ಅವರವರಿಗೆ. ಇದರಲ್ಲಿ ಅನ್ಯಾಯ ಏನಿದೆ ಹೇಳಿ?"

ರಾಜ ಆಕಳಿಸಿದ. "ಆಗಲಿ" ಅಂದ.

ಮುಂದಿನ ಆಟದ ಕಾಲಕ್ಕೆ ಹೊನ್ನಪೇಟೆಗೆ ಕುಕ್ಕೆಗಟ್ಟಲೆ ರಾಗಿ, ಮುಳ್ಳುಪಾಳ್ಯಕ್ಕೆ ಮೊರದಷ್ಟು ರಾಗಿ. ಹುಡುಗರಿಗೆ ದಿನಕ್ಕೆ ಎರಡು ಹೊತ್ತು ಮುದ್ದೆ ಇದ್ದದ್ದು ಒಂದು ಹೊತ್ತಾಯ್ತು. ಆ ಒಂದು ಹೊತ್ತೂ ಹಾಡಿನ ರಾಗಿಯಿಂದ ಹೇಗೋ ನಡೆಯಿತು.

ಎರಡನೇ ವರ್ಷ ಸಂಪಂಗಪ್ಪ ಮತ್ತೆ ಹೋದ. ಮತ್ತೆ ಊಟ ಆದಮೇಲೆ.

"ಮಾಸ್ವಾಮಿ, ಹಾಡುಗಾರರು ಯಾರ ಮೇಲೆ ಪದ ಕಟ್ತಾರೆ? ನಮ್ಮ ಹೊನ್ನಪೇಟೆಯೋರ ಮೇಲೆ. ಮುಳ್ಳುಪಾಳ್ಯದ ಪದ ಯಾರು ಕೇಳ್ತಾರೆ? ಹಾಡಿನ ರಾಗಿಯೂ ಹಾಡಿಸಿಕೊಂಡೋರಿಗೇ ಬರಲಿ."

ರಾಜ ದಿಂಬಿಗೆ ಒರಗಿದ. "ಆಗಲಿ" ಅಂದ.

ಆ ವರ್ಷ ಕೂಡುಗಣಜದಲ್ಲಿ ಇಲಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಬಿದಿರುಪೇಟೆಯವರು ಆಟಕ್ಕೆ ಎಳ್ಳುನೀರು ಬಿಟ್ಟರು. ಅವರ ಬಯಲಲ್ಲಿ ಆಡು ಮೇಯತೊಡಗಿದವು. ಗಾಣಪೇಟೆಯವರೂ ಬಾಗಿಲಿಗೆ ಬೀಗ ಹಾಕಿ ಎಣ್ಣೆ ವ್ಯಾಪಾರ ನೋಡಿಕೊಂಡರು. ಮುಳ್ಳುಪಾಳ್ಯದಲ್ಲಿ ಕೆಂಪಾಜಮ್ಮ ತನ್ನ ಎರಡೆಮ್ಮೆಯಲ್ಲಿ ಒಂದನ್ನು ಮಾರಿ ಹುಡುಗರಿಗೆ ಉಣ್ಣಿಸಿದಳು.

ಮೂರನೇ ವರ್ಷ ಸಂಪಂಗಪ್ಪ ಮತ್ತೂ ಹೋದ. ಈಗ ಬಾಗಿಲು ಕಾಯೋನೇ, "ಊಟ ಆಗಿದೆ ಧಣಿ, ಹೋಗಿ" ಅಂತ ದಾರಿ ಬಿಟ್ಟ.

"ಮಾಸ್ವಾಮಿ, ಪಾಪ, ಉಳಿದ ಪೇಟೆ ಹುಡುಗರು ಹಸಿದುಕೊಂಡಿದ್ದಾರೆ. ನನ್ನ ಕಣಜ ತುಂಬಿದೆ. ಇಷ್ಟ ಇದ್ದೋರು ನನ್ನ ಹತ್ತಿರ ಬರಲಿ, ನಾನು ಸಾಕ್ತೀನಿ. ಧರ್ಮದ ಕೆಲಸ."

ರಾಜ ಕಣ್ಣೂ ತೆರೆಯಲಿಲ್ಲ. "ಆಗಲಿ" ಅಂದ.

ಸಂಪಂಗಪ್ಪ ಒಂದೊಂದು ಪೇಟೆಯಿಂದಲೂ ಗಟ್ಟಿಗರನ್ನು ಹೆಕ್ಕಿ ತಂದ. ಓಡೋರನ್ನು ತಂದ, ಹಿಡಿಯೋರನ್ನು ತಂದ, ಕೆಡವೋರನ್ನು ತಂದ. ಬಯಲಲ್ಲಿ ಆಡೋರು ಹನ್ನೊಂದೇ ಜನ ತಾನೇ? ಮಿಕ್ಕವರು ಅವನ ಮನೆ ಜಗಲಿ ಮೇಲೆ ಸಾಲಾಗಿ ಕೂತು ತಿಂದರು. ತನ್ನ ಕಡೆ ಆಡದಿದ್ದರೂ ಪರವಾಗಿಲ್ಲ, ಇನ್ನೊಬ್ಬರ ಕಡೆ ಆಡಬಾರದು. ಅದು ಅವನ ಲೆಕ್ಕಾಚಾರ.

ಮುಳ್ಳುಪಾಳ್ಯದಲ್ಲಿ ಒಬ್ಬ ಇದ್ದ, ಸಿದ್ದಬೋರ ಅಂತ. ಕೆಂಪಾಜಮ್ಮನ ತಂಗಿಯ ಮಗ. ತಾಯಿ ಇಲ್ಲದ ಕೂಸು, ಈಯಮ್ಮನೇ ಎತ್ತಿ ಆಡಿಸಿದ್ದು. ಅವನು ಕಾಯಿ ಹಿಡಿದು ಓಡಿದರೆ ಹಿಡಿಯೋಕೆ ಹೋದವರ ಕೈಗೆ ಎಣ್ಣೆ ಮಾತ್ರ ಅಂಟುತ್ತಿತ್ತು. ಸಂಪಂಗಪ್ಪನ ಆಳು ಅವನ ಮನೆ ಬಾಗಿಲಿಗೂ ಬಂದ.

ಸಿದ್ದಬೋರ ಹೋಗಿ ದೊಡ್ಡವ್ವನ ಮುಂದೆ ತಲೆ ತಗ್ಗಿಸಿ ನಿಂತ. "ದೊಡ್ಡವ್ವ, ಹೆಂಡ್ತಿ ಬಾಣಂತಿ. ಮನೇಲಿ ಕಾಳಿಲ್ಲ. ನೀನು ಉಳಿದ ಎಮ್ಮೇನೂ ಮಾರ್ತೀಯಾ ಅಂತ ಗೊತ್ತು. ಅದಕ್ಕೇ ಹೋಗ್ತಾ ಇದೀನಿ."

ಬಯ್ಯುತ್ತಾಳೆ ಅಂದುಕೊಂಡಿದ್ದ. ಕೆಂಪಾಜಮ್ಮ ಬಯ್ಯಲಿಲ್ಲ. "ಹೋಗು ಮಗ, ಹಸ್ಕೊಂಡು ಓಡೋಕಾಗಲ್ಲ. ಕಾಳು ಕಳಿಸು, ಬಾಣಂತೀನ ನಾನು ಬೆಚ್ಚಗೆ ನೋಡ್ಕೋತೀನಿ" ಅಂದಳು. ಅವನು ಕೇರಿ ತಿರುವು ದಾಟೋ ತನಕ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಒಲೆ ಮುಂದೆ ಕೂತು ಅತ್ತಳು. ಸೋತಾಗ ಯಾವತ್ತೂ ಅಳದ ಹೆಂಗಸು, ಆವತ್ತು ಅತ್ತಳು.

ಅತ್ತಾದ ಮೇಲೆ ಮುಖ ತೊಳೆದುಕೊಂಡಳು. ಈಗ ಏನು ಮಾಡಿದಳು ಗೊತ್ತಾ? ಬೆಳಕು ಹರಿಯೋ ಮುಂಚೆ ಎದ್ದು ಅರಮನೆಗೆ ಹೊರಟಳು. ರಾಜ ಸ್ನಾನ ಮುಗಿಸಿ, ಇನ್ನೂ ಏನೂ ತಿನ್ನದೆ, ಒಲೆ ಮೇಲಿನ ಒಗ್ಗರಣೆ ವಾಸನೆ ಕುಡೀತಾ ಕೂತಿದ್ದಾಗ ಹೋಗಿ ಕೈಮುಗಿದು ನಿಂತಳು. ಅಷ್ಟು ಎಚ್ಚರದಲ್ಲಿ ಆ ರಾಜನನ್ನು ಬಹಳ ಜನ ನೋಡಿರಲಿಲ್ಲ.

"ಏನಮ್ಮ ಸಮಾಚಾರ?" ಅಂದ ರಾಜ.

"ಬುದ್ಧಿ, ಕೂಡುಗಣಜ ಖಾಲಿ ಬಿದ್ದದೆ. ಏಳು ಪೇಟೇಲಿ ಎರಡು ಮುಚ್ಚೋದವು. ನಂದು ಮೂರನೇದು. ನಿಮ್ಮ ಅಜ್ಜನವರ ಕಟ್ಟಳೆ ಯಾಕೆ ಮುರಿದ್ರಿ?"

"ನಾನ್ಯಾವಾಗ ಮುರಿದೆ?" ಅಂದ ರಾಜ. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಸಂಪಂಗಪ್ಪನಿಗೆ ಹೇಳಿಕಳಿಸಿದರು. ಮಿಕ್ಕ ಪೇಟೆ ಯಜಮಾನರೂ ಬಂದರು. ಆಸ್ಥಾನ ತುಂಬಿತು.

ಸಂಪಂಗಪ್ಪ ಶಲ್ಯ ಸರಿಮಾಡಿಕೊಂಡು ಎದ್ದು ನಿಂತ. "ಮಾಸ್ವಾಮಿ, ಈಯಮ್ಮ ಕೇಳ್ತಾ ಇರೋದು ಭಿಕ್ಷೆ. ಸೋತೋರ ಹೊಟ್ಟೆ ನಾನ್ಯಾಕೆ ತುಂಬಲಿ? ಜನ ರಾಗಿ ಹೊತ್ತು ಬರೋದು ನಮ್ಮೋರನ್ನ ನೋಡೋಕೆ. ಎದುರಿಗೆ ಯಾರಾದ್ರೂ ನಿಂತರೇನು, ನಿಲ್ಲದೆ ಹೋದರೇನು?"

ಕೆಂಪಾಜಮ್ಮ ಎಲೆಅಡಿಕೆ ಜಗಿಯೋದು ನಿಲ್ಲಿಸಿದಳು. "ಇನ್ನೊಂದ್ ಸಲ ಹೇಳಿ ಯಜಮಾನ್ರೆ. ಎಲ್ಲ ಕೇಳಿಸ್ಕೊಳ್ಳಲಿ."

"ಎದುರಿಗೆ ಯಾರೂ ನಿಲ್ಲದೆ ಹೋದರೂ ನನ್ನ ಬಯಲು ತುಂಬುತ್ತೆ ಅಂದೆ."

"ಸರಿ ಬುದ್ಧಿ," ಅಂದಳು ಕೆಂಪಾಜಮ್ಮ ರಾಜನ ಕಡೆ ತಿರುಗಿ. "ಹೊನ್ನಪೇಟೆ ಬಯಲಲ್ಲಿ ಮೂರು ಆಟ ಆಗಲಿ. ನಾವ್ಯಾರೂ ಆಡೋಕೆ ಹೋಗೋದಿಲ್ಲ. ಮೂರು ಆಟಕ್ಕೂ ಜನ ಮುಂಚಿನಂಗೇ ಬಂದ್ರೆ, ನಮ್ಮ ಬಯಲು, ಉಳಿದ ಹುಡುಗರು, ನನ್ನ ಎಮ್ಮೆ, ಎಲ್ಲ ಇವರದ್ದು. ನಾನು ಇನ್ನು ಕಾಯಾಟದ ಸುದ್ದಿ ಎತ್ತಲ್ಲ. ಜನ ಬರದೇ ಹೋದ್ರೆ ಬಾಗಿಲ ರಾಗಿ, ಹಾಡಿನ ರಾಗಿ ಎಲ್ಲ ಮತ್ತೆ ಕೂಡುಗಣಜಕ್ಕೆ. ನಮ್ಮ ಹುಡುಗರು ಅವರವರ ಊರಿಗೆ."

ಮಿಕ್ಕ ಪೇಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನಾವೂ ಹೋಗಲ್ಲ" ಅಂದರು.

ಸಂಪಂಗಪ್ಪ ನಕ್ಕ. "ಮೂರು ಯಾಕಮ್ಮ, ಮೂವತ್ತು ಆಡ್ತೀನಿ."

ರಾಜ ಇಬ್ಬರನ್ನೂ ನೋಡಿದ. ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಆಗಲಿ" ಅಂದ. ಈ ಸಲದ ಆಗಲಿ ಬೇರೆ, ಹಸಿದ ಹೊಟ್ಟೆಯದು.

ಮೊದಲ ಆಟ. ಸಂಪಂಗಪ್ಪ ಊರೂರಿಗೆ ತಮಟೆ ಹೊಡೆಸಿದ. ಜನ ಕಿಕ್ಕಿರಿದು ಬಂದರು. ಕುಕ್ಕೆ ತುಂಬಿತು, ಇನ್ನೊಂದು ಕುಕ್ಕೆ ತಂದಿಟ್ಟರು. ಸಂಪಂಗಪ್ಪ ಮೀಸೆ ತೀಡಿಕೊಂಡ.

ಸಿದ್ದಬೋರ ಕಾಯಿ ಎತ್ತಿಕೊಂಡು ಓಡಿದ. ಎದುರಿಗೆ ಯಾರೂ ಇಲ್ಲ. ಗೆರೆ ದಾಟಿದ. ಜನ ಚಪ್ಪಾಳೆ ತಟ್ಟಿದರು. ವಾಪಸು ಬಂದು ಮತ್ತೆ ಓಡಿದ. ಮತ್ತೆ ದಾಟಿದ. ಅರ್ಧ ಜನ ಚಪ್ಪಾಳೆ ತಟ್ಟಿದರು. ಮೂರನೇ ಸಲ ದಾಟಿದಾಗ ಮುಂದಿನ ಸಾಲಿನಲ್ಲಿದ್ದ ಮುದುಕನೊಬ್ಬ ಪಕ್ಕದವನನ್ನು ಕೇಳಿದ, "ಈ ಹುಡುಗನ್ನ ಯಾರೂ ಹಿಡಿಯೋದಿಲ್ವೇನಪ್ಪ?"

"ಇಲ್ಲ ತಾತ. ಎದುರಾಳಿ ಇಲ್ಲ."

"ಹಂಗಾದ್ರೆ ಓಡ್ತಾನೆ ಯಾಕೆ?"

ಬಿಸಿಲೇರುವ ಹೊತ್ತಿಗೆ ಜನ ಬಯಲಿಗೆ ಬೆನ್ನು ಹಾಕಿ ಎತ್ತಿನ ರೇಟು, ಮಗಳ ಮದುವೆ, ಮಾವನ ಮಂಡಿನೋವು ಅಂತ ಮಾತಾಡಿಕೊಂಡು ಕೂತಿದ್ದರು. ಹಾಡುಗಾರರು ಪದ ಕಟ್ಟಿದರು. ಓಡಿದ, ದಾಟಿದ. ಓಡಿದ, ದಾಟಿದ. ಹಳ್ಳಿಯಲ್ಲಿ ಹಾಡಿದರೆ ಒಬ್ಬರೂ "ಆಮೇಲೆ?" ಅನ್ನಲಿಲ್ಲ. ಅನ್ನೋಕೆ ಏನಿದೆ? ಆಮೇಲೆ ದಾಟಿದ.

ಎರಡನೇ ಆಟ. ಸಂಪಂಗಪ್ಪನಿಗೆ ತಪ್ಪು ಗೊತ್ತಾಯ್ತು, ಅಥವಾ ಗೊತ್ತಾಯ್ತು ಅಂದುಕೊಂಡ. "ಎದುರಿಗೆ ಯಾರಾದ್ರೂ ನಿಂತಿರಬೇಕು, ಅಷ್ಟೇ ತಾನೇ?" ಅಂದ. ಸಂತೆಯಲ್ಲಿ ಮೂಟೆ ಹೊರೋರು ಹನ್ನೊಂದು ಜನರನ್ನು ಕೂಲಿಗೆ ಕರೆತಂದ. ಮುಳ್ಳುಪಾಳ್ಯದ ಕೆಂಪು ರುಮಾಲು ಸುತ್ತಿಸಿದ. "ಓಡಿ ಬಂದಾಗ ಅಡ್ಡ ನಿಲ್ಲಿ. ಮುಟ್ಟಿದ ಕೂಡಲೇ ಬೀಳಿ. ಸಂಜೆಗೆ ಕೂಲಿ" ಅಂದ.

ಜನ ಬಂದರು. ಮುಂಚಿನ ಅರ್ಧ ಬಂದರು. ಸಿದ್ದಬೋರ ಕಾಯಿ ಹಿಡಿದು ಓಡಿದ. ಮೂಟೆಯವರು ಮುಟ್ಟುವ ಮೊದಲೇ ಬಿದ್ದರು. ಒಬ್ಬನಂತೂ ಕಾಯಿ ಇನ್ನೂ ನೆಲದ ಮೇಲಿದ್ದಾಗಲೇ ಮಲಗಿಬಿಟ್ಟ. ಬೇಗ ಬಿದ್ದರೆ ಬೇಗ ಕೂಲಿ ಅಂತ ಅವನಿಗೆ ಯಾರು ಹೇಳಿದ್ದರೋ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟು ಹೊತ್ತು ನಗ್ತಾರೆ? ಆಮೇಲೆ ಅವರಿಗೆ ಸಿಟ್ಟು ಬಂತು. "ನಮ್ಮ ಸೇರು ರಾಗಿ ವಾಪಸ್ ಕೊಡಿ" ಅಂತ ಬಾಗಿಲಲ್ಲಿ ಗಲಾಟೆ ಮಾಡಿದರು. ಗೆಲ್ಲೋರು ಯಾರು ಅಂತ ಮನೆಯಿಂದ ಹೊರಡುವಾಗಲೇ ಗೊತ್ತಿದ್ದರೆ ಅಷ್ಟು ದೂರ ನಡೆದು ಬರೋದು ಯಾಕೆ?

ಇಷ್ಟೊತ್ತಿಗೆ ಸಂಪಂಗಪ್ಪನ ಕಣಜ ಇಳಿಯತೊಡಗಿತ್ತು. ಹಾಡಿನ ರಾಗಿಯ ಗಾಡಿಗಳು ಖಾಲಿ ಬರುತ್ತಿದ್ದವು. ಜಗಲಿ ಮೇಲಿದ್ದವರ ಹೊಟ್ಟೆ ಮಾತ್ರ ಖಾಲಿ ಇರಲಿಲ್ಲ, ಮೂರು ಹೊತ್ತು ತಿನ್ನುತ್ತಿದ್ದರು. ಒಂದು ರಾತ್ರಿ ಹೆಂಡತಿ ಹೇಳಿದಳು, "ರೀ, ಒಂದು ಮಾತು. ಇವರನ್ನೆಲ್ಲ ಅವರವರ ಊರಿಗೆ ಕಳಿಸಿಬಿಡಿ."

"ಇವರೇ ಕಣೇ ನನ್ನ ಆಸ್ತಿ," ಅಂದ. ಅನ್ನುವಾಗಲೇ ಅವನಿಗೆ ಹೊಸ ಉಪಾಯ ಹೊಳೆಯಿತು.

ಮೂರನೇ ಆಟ. ಜಗಲಿ ಮೇಲೆ ಕೂತವರನ್ನೆಲ್ಲ ಎಬ್ಬಿಸಿದ. ಅರ್ಧ ಜನಕ್ಕೆ ಹಳದಿ ರುಮಾಲು, ಅರ್ಧ ಜನಕ್ಕೆ ಕೆಂಪು ರುಮಾಲು. ಇವರು ಮೂಟೆ ಹೊರೋರಲ್ಲ, ರಾಜ್ಯಕ್ಕೇ ಗಟ್ಟಿಗರು. ಆವತ್ತು ರಾಜನೂ ಬಂದು ಕೂತ. ಊಟ ಮಾಡದೇ ಬಂದಿದ್ದ. ಕೆಂಪಾಜಮ್ಮನೂ ಬಾಗಿಲಲ್ಲಿ ಒಂದು ಸೇರು ರಾಗಿ ಸುರಿದು, ಎಲ್ಲರ ಹಾಗೆ ಒಳಗೆ ಬಂದು ಮೂಲೆಯಲ್ಲಿ ಕೂತಳು.

ಜನ ಕಮ್ಮಿಯೇ ಇದ್ದರು. ಆದರೂ ಮೊದಲೆರಡು ಸುತ್ತು ಆಟ ರಂಗೇರಿತು. ಬಿದ್ದರು, ಎದ್ದರು, ಧೂಳೆದ್ದಿತು. ಸಂಪಂಗಪ್ಪನಿಗೆ ಹೋದ ಜೀವ ಬಂದ ಹಾಗಾಯ್ತು. ಆಗ ಜನರ ನಡುವೆ ಒಬ್ಬ ತನ್ನ ಭಾವನನ್ನು ಕೇಳಿದ, "ಭಾವ, ಹಳದಿಯೋರು ಯಾರ ಕಡೆ?"

"ಧಣಿ ಕಡೆ."

"ಕೆಂಪಿನೋರು?"

"ಅವರೂ ಧಣಿ ಕಡೆ."

"ಹಂಗಾದ್ರೆ ನಾನ್ಯಾರ ಕಡೆ ಕೂಗಲಿ?"

ಭಾವ ಟವಲು ಕೊಡವಿಕೊಂಡು ಎದ್ದ. "ನಡಿ, ಮನೇಲಿ ಕೆಲಸ ಇದೆ." ಅವರನ್ನು ನೋಡಿ ಇನ್ನಿಬ್ಬರು ಎದ್ದರು. ಇಬ್ಬರನ್ನು ನೋಡಿ ಒಂದು ಸಾಲು ಎದ್ದಿತು.

ಬಯಲಲ್ಲಿ ಕಾಯಿ ಸಿದ್ದಬೋರನ ಕೈಗೆ ಬಂದಿತ್ತು. ಗೆರೆ ಹತ್ತಿರದಲ್ಲೇ ಇತ್ತು. ಅವನು ಓಡಲಿಲ್ಲ. ಕಾಯಿ ತೊಡೆ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟ. ಅವನನ್ನು ಕೆಡವೋಕೆ ಬಂದವನೂ ಏನು ಮಾಡೋದು ಅಂತ ತಿಳಿಯದೆ ಪಕ್ಕದಲ್ಲೇ ಕೂತ.

ಸಂಪಂಗಪ್ಪ ಪಂಚೆ ಎತ್ತಿಕಟ್ಟಿಕೊಂಡು ಬಯಲಿಗೇ ಓಡಿ ಬಂದ. "ಏಳೋ ಬೋರ, ಗೆರೆ ಇಲ್ಲೇ ಇದೆ. ದಾಟೋ."

"ಯಾರಿಗೋಸ್ಕರ ದಾಟಲಿ ಧಣಿ?" ಅಂದ ಸಿದ್ದಬೋರ. "ದಾಟಿದ್ರೂ ನೀವೇ ಗೆದ್ರಿ, ಕೆಡವಿಸಿಕೊಂಡ್ರೂ ನೀವೇ ಗೆದ್ರಿ. ನಿಮ್ಮ ಮನೇಲಿ ಮೂರು ಹೊತ್ತು ಉಂಡಿದೀನಿ, ಇಲ್ಲ ಅನ್ನಲ್ಲ. ಆದ್ರೆ ನಮ್ಮೂರಲ್ಲಿ ಸೋತ್ರೆ ನಮ್ಮ ದೊಡ್ಡವ್ವ ಬಯ್ಯೋಳು. ಇಲ್ಲಿ ಸೋತ್ರೆ ಬಯ್ಯೋರೂ ಇಲ್ಲ. ಅದು ಬಹಳ ಬೇಜಾರಾಗುತ್ತೆ ಧಣಿ."

ಮೂಲೆಯಿಂದ ಕೆಂಪಾಜಮ್ಮನ ದನಿ ಕೇಳಿಸಿತು. "ಏಯ್ ಬೋರ, ಬಿಸಿಲಲ್ಲಿ ನೆಲದ ಮೇಲೆ ಯಾಕೋ ಕೂತಿದ್ದೀಯ, ಮೈಗೆ ಉಷ್ಣ ಆಗಲ್ವ? ಎದ್ದು ಮನೆಗೆ ನಡಿ. ನಿನ್ನ ಕೂಸು ಆಗಲೇ ಮಗುಚಿ ಬೀಳ್ತಾ ಅದೆ."

ಸಿದ್ದಬೋರ ಎದ್ದ. ಕಾಯಿಯನ್ನು ಸಂಪಂಗಪ್ಪನ ಕೈಯಲ್ಲಿ ಇಟ್ಟ. ದೊಡ್ಡವ್ವನ ಹಿಂದೆ ನಡೆದ. ಬಿದಿರುಪೇಟೆಯವರು ಬಿದಿರುಪೇಟೆಗೆ ಹೊರಟರು, ಗಾಣಪೇಟೆಯವರು ಗಾಣಪೇಟೆಗೆ ಹೊರಟರು. ಬಯಲಿನ ನಡುವೆ ಸಂಪಂಗಪ್ಪ ಒಬ್ಬನೇ, ಕೈಯಲ್ಲಿ ಎಣ್ಣೆ ಕಾಯಿ. ಅವನು ಬೇಕಾದರೆ ಗೆರೆ ದಾಟಬಹುದಿತ್ತು, ತಡೆಯೋರು ಯಾರೂ ಇರಲಿಲ್ಲ.

ರಾಜ ಬಾಗಿಲ ಕುಕ್ಕೆ ತರಿಸಿ ನೋಡಿದ. ತಳ ಕಾಣುತ್ತಿತ್ತು. "ಸಂಪಂಗಪ್ಪ, ಈ ರಾಗಿಯೆಲ್ಲ ನಿನ್ನದೇ. ತಗೊಂಡು ಹೋಗು" ಅಂದ. ಸಂಪಂಗಪ್ಪ ಮುಖ ಹುಳ್ಳಗೆ ಮಾಡಿಕೊಂಡು ನಿಂತ. ಎತ್ತಿಕೊಳ್ಳೋಕೂ ನಾಚಿಕೆ, ಬಿಡೋಕೂ ಸಂಕಟ.

"ಇವನಿಗೆ ಏನು ಶಿಕ್ಷೆ ಕೊಡೋಣಮ್ಮ?" ಅಂತ ರಾಜ ಮಾರನೇ ದಿನ ಕೆಂಪಾಜಮ್ಮನನ್ನು ಕೇಳಿದ.

"ಶಿಕ್ಷೆ ಏನೂ ಬೇಡ ಬುದ್ಧಿ. ಇವರು ಆಡ್ಲಿ. ಇವರನ್ನ ಸೋಲಿಸೋಕೆ ಅಂತ್ಲೇ ನಮ್ಮ ಹುಡುಗರು ಬೆಳಗಾಗೆದ್ದು ಓಡೋದು. ಇವರೂ ಮುಚ್ಚೋದ್ರೆ ನಾವು ಯಾರನ್ನ ಸೋಲಿಸೋಣ? ಆದ್ರೆ ಒಂದು. ಇನ್ಮೇಲೆ ಕಾಯಾಟದ ಮಾತು ಏನಿದ್ರೂ ತಾವು ಊಟಕ್ಕೆ ಮುಂಚೆ ಕೇಳಬೇಕು."

ರಾಜ ತಲೆ ಕೆರೆದುಕೊಂಡು ಒಪ್ಪಿದ.

ಕೂಡುಗಣಜ ಮತ್ತೆ ತುಂಬಿತು. ಮೊದಲ ವರ್ಷ ಗಾಣಪೇಟೆ ಗೆದ್ದಿತು. ಎರಡನೇ ವರ್ಷ ಹೊನ್ನಪೇಟೆಯೇ ಗೆದ್ದಿತು, ಗೆಲ್ಲಲಿ ಬಿಡಿ, ಚೆನ್ನಾಗಿ ಆಡಿದ್ದರು. ಮೂರನೇ ವರ್ಷ ಯಾರು ಗೆಲ್ಲುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಇದ್ದದ್ದಕ್ಕೇ ಜನ ಬಯಲಿನ ಆಚೆ ಮರ ಹತ್ತಿ ನೋಡಿದರು. ಹಾಡುಗಾರರಿಗೆ ಗಂಟಲು ಕಟ್ಟಿತು. ಹಳ್ಳಿಹಳ್ಳಿಯಲ್ಲೂ "ಆಮೇಲೆ?", "ಆಮೇಲೆ?" ಅಂತ ಕೇಳಿದರಂತೆ. ಏನು ನಗ್ತೀರಿ? ಅವರು ಕೇಳಿದ್ದು ಸರಿ, ಅದಕ್ಕೆ ಅವರು ರಾಗಿ ಕೊಟ್ಟಿದ್ದರು.

ಆ ವರ್ಷ ಗೆದ್ದದ್ದು ಮುಳ್ಳುಪಾಳ್ಯ. ಊರು ಹುಟ್ಟಿದ ಮೇಲೆ ಮೊದಲ ಸಲ. ಕೊನೆಗೆ ಬಂದದ್ದು ಹೊನ್ನಪೇಟೆ.

ಕೆಂಪಾಜಮ್ಮ ಅರಮನೆ ಅಂಗಳದಲ್ಲಿ ಏಳು ರಾಶಿ ಮಾಡಿಸಿದಳು. ಕೂಡುಗಣಜ ಕಟ್ಟಿದ ಮೇಲೆ ಅಷ್ಟು ದೊಡ್ಡ ರಾಶಿ ಯಾರೂ ಕಂಡಿರಲಿಲ್ಲ. ಮೊದಲ ಆಯ್ಕೆ ಸಂಪಂಗಪ್ಪನದು. ಅವನು ಒಂದು ಸುತ್ತು ಬಂದ. ಎರಡು ಸುತ್ತು ಬಂದ. ಮೂರನೇ ಸುತ್ತಿಗೆ ಕೂತು, ಕಣ್ಣು ಕಿರಿದು ಮಾಡಿ, ಯಾವುದು ಒಂದು ಹಿಡಿ ಹೆಚ್ಚಿದೆ ಅಂತ ಹುಡುಕಿದ. ಹೆಚ್ಚಿನದು ಸಿಗಲಿಲ್ಲ. ಆಮೇಲೆ ಒಂದು ಹಿಡಿ ಕಮ್ಮಿ ಇರೋದು ಯಾವುದು ಅಂತ ಹುಡುಕಿದ. ಅದೂ ಸಿಗಲಿಲ್ಲ. ತಾನೊಬ್ಬನೇ ಎಲ್ಲ ಇಟ್ಟುಕೊಂಡ ವರ್ಷ ತನ್ನ ಕಣಜದಲ್ಲಿ ಉಳಿದದ್ದಕ್ಕಿಂತ ಈ ಏಳನೇ ಒಂದು ಪಾಲೇ ದೊಡ್ಡದಾಗಿತ್ತು.

ಸಂಪಂಗಪ್ಪ ಕುಕ್ಕರುಗಾಲಲ್ಲೇ ಕೂತು ಕೇಳಿದ, "ಕೆಂಪಾಜಮ್ನೋರೆ, ನನಗೆ ನೀವು ಒಂದು ಹಿಡಿ ಕಮ್ಮಿ ಮಾಡಬಹುದಿತ್ತು. ಯಾಕೆ ಮಾಡಲಿಲ್ಲ?"

ಕೆಂಪಾಜಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು, "ಬರೋ ವರ್ಷ ನೀವು ಗಟ್ಟಿಯಾಗಿ ಉಂಡು ಬರಬೇಕಲ್ಲ ಯಜಮಾನ್ರೆ. ಹಸಿದೋರನ್ನ ಸೋಲಿಸಿದ್ರೆ ನೋಡೋಕೆ ಯಾರು ಬರ್ತಾರೆ?"

ಇಷ್ಟೇ ಕಥೆ. ನೀತಿ ಏನು ಅಂತ ಬೇರೆ ಹೇಳಬೇಕಾ? ಹೇಳ್ತೀನಿ, ಇಲ್ಲದಿದ್ದರೆ ನಾಳೆ ಬಂದು ಕೇಳ್ತೀರಿ. ಇಬ್ಬರು ಸೇರಿ ಆಡೋ ಆಟದಲ್ಲಿ ಬಂದ ಗಳಿಕೆ ಒಬ್ಬನದಲ್ಲ. ಎದುರಾಳಿಗೆ ಕೊಡೋ ಪಾಲು ದಾನ ಅಲ್ಲ, ನಾಳೆಯ ಆಟಕ್ಕೆ ಇಟ್ಟ ಬಿತ್ತನೆ. ಎಲ್ಲವನ್ನೂ ಬಾಚಿಕೊಂಡವನಿಗೆ ಕೊನೆಗೆ ಸಿಗೋದು ಖಾಲಿ ಬಯಲು, ಕೈಯಲ್ಲೊಂದು ಕಾಯಿ.

ಏಳಿ ಇನ್ನು, ನನಗೆ ಗಂಟಲು ಒಣಗಿದೆ. ಒಬ್ಬರು ಒಂದು ಲೋಟ ನೀರು ತಂದುಕೊಡಿ, ಮಿಕ್ಕವರು ಚಾಪೆ ಮಡಚಿಡಿ.